ಅಪ್ಪಂದೊಂದು, ಅಮ್ಮಂದೊಂದು

ತಮ್ಮನ ಬೆನ್ನಿನ ಮೇಲೆ ಅಮ್ಮನ ಕೈ ಬಿದ್ದಾಗಲೆಲ್ಲ ಅಕ್ಕನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಹೊಡೆತವೇನಲ್ಲ ಅದು. ಬೆಳಿಗ್ಗೆ, ಸಂಜೆ ಅವನನ್ನು ಮಂಚದ ಮೇಲೆ ಬೋರಲು ಮಲಗಿಸಿ, ಅಂಗೈಯನ್ನು ಬಟ್ಟಲಿನಂತೆ ಬಗ್ಗಿಸಿ, ಎದೆಯಲ್ಲಿ ಕಟ್ಟಿದ ಕಫ ಸಡಿಲವಾಗಲೆಂದು ತಟ್ಟುವುದು. ಆಮೇಲೆ ಮಾತ್ರೆ, ಆಮೇಲೆ ಮುದ್ದು. ಅಷ್ಟರಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂರುವ ಹೊತ್ತಾಗಿರುತ್ತಿತ್ತು. ಅಕ್ಕ ತನ್ನ ಜಡೆ ತಾನೇ ಹೆಣೆದುಕೊಳ್ಳುತ್ತಿದ್ದಳು, ಅದೂ ಸೊಟ್ಟಗೆ. ಎಂಟು ವರ್ಷದವಳಿಗೆ ಇನ್ನೆಷ್ಟು ನೆಟ್ಟಗೆ ಬಂದೀತು?

ಒಂದು ಸಲ ಅವಳೂ ಕೆಮ್ಮಿ ನೋಡಿದಳು. ಅಮ್ಮ ತಲೆಯೆತ್ತದೆ, "ನೀರು ಕುಡಿ" ಅಂದಳು.

ತಮ್ಮನನ್ನು ತೋರಿಸಲು ಹೋದಾಗ ಡಾಕ್ಟರಮ್ಮ ಅಪ್ಪ ಅಮ್ಮನಿಗೆ ಹೇಳಿದ ಮಾತಂತೂ ಆ ಬೆಂಕಿಗೆ ತುಪ್ಪ ಸುರಿಯಿತು.

"ಜೀವಕೋಶದ ಪೊರೆಯಲ್ಲಿ ಉಪ್ಪು ಓಡಾಡೋಕೆ ಒಂದು ಬಾಗಿಲಿರುತ್ತೆ, ಅದೊಂದು ಪ್ರೋಟೀನು. ಅದನ್ನ ಮಾಡಿಸೋದು ಒಂದು ಜೀನ್. ಎಲ್ಲರಿಗೂ ಅದು ಎರಡು ಇರುತ್ತೆ, ಅಪ್ಪಂದೊಂದು, ಅಮ್ಮಂದೊಂದು. ಒಂದು ಕೆಟ್ಟಿದ್ರೆ ತೊಂದರೆ ಇಲ್ಲ, ಇನ್ನೊಂದು ನಿಭಾಯಿಸುತ್ತೆ. ಎರಡೂ ಕೆಟ್ಟಿದ್ರೆ ಹೀಗೆ ಎದೆಯಲ್ಲಿ ಕಫ ಕಟ್ಟುತ್ತೆ. ನಿಮ್ಮಿಬ್ಬರಲ್ಲೂ ಒಂದೊಂದು ಕೆಟ್ಟಿದೆ. ಇವನಿಗೆ ಇಬ್ಬರೂ ಅದನ್ನೇ ಕೊಟ್ಟಿದ್ದೀರಿ."

ಅಕ್ಕನ ತಲೆಗೆ ಹೊಕ್ಕಿದ್ದು 'ಕೊಟ್ಟಿದ್ದೀರಿ' ಅನ್ನುವುದೊಂದೇ. ಇಬ್ಬರೂ ಕೊಟ್ಟಿದ್ದು, ಅದೂ ಅವನಿಗೇ! ಅವಳ ರಕ್ತವನ್ನೂ ಪರೀಕ್ಷೆಗೆ ತೆಗೆದಾಗ ಕಮಕ್ ಕಿಮಕ್ ಅನ್ನದೆ ಕೈ ಚಾಚಿದಳು. ತನಗೂ ಒಂದು ಸಿಕ್ಕೀತೆಂಬ ಆಸೆ.

ಫಲಿತಾಂಶ ಫೋನಿನಲ್ಲಿ ಬಂತು. ಅಮ್ಮ ಕತ್ತರಿಸುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿಬಂದು ಅವಳನ್ನು ಬಾಚಿ ತಬ್ಬಿಕೊಂಡಳು.

"ನಿನಗೆ ಏನೂ ಬಂದಿಲ್ಲ ಕಣೇ. ನಾನೂ ಕೊಟ್ಟಿಲ್ಲ, ನಿಮ್ಮಪ್ಪನೂ ಕೊಟ್ಟಿಲ್ಲ."

ಎಷ್ಟೋ ದಿನದಿಂದ ಬಯಸಿದ್ದ ಅಪ್ಪುಗೆ. ಅಕ್ಕ ಅದರೊಳಗೆ ಕೊರಡಿನಂತೆ ನಿಂತಳು. ಆಮೇಲೆ ಕೊಸರಿಕೊಂಡು ಈಚೆ ಬಂದಳು.

"ಅವನಿಗೆ ಎರಡೆರಡು. ನನಗೆ ಒಂದಾದ್ರೂ ಕೊಡಬಾರದಿತ್ತಾ?" ಅನ್ನುವಷ್ಟರಲ್ಲಿ ಅಳು ಒತ್ತರಿಸಿ ಬಂತು.

ಮಂಚದ ಮೇಲಿದ್ದ ತಮ್ಮ ಎದ್ದು ಕೂತ.

"ಅಳಬೇಡ ಅಕ್ಕ. ನಂದ್ರಲ್ಲಿ ಒಂದು ನೀನು ತಗೋ. ಆಗ ನಿಂಗೊಂದು, ನಂಗೊಂದು."

ಅಕ್ಕ ಮೂಗು ಒರೆಸಿಕೊಂಡು ಯೋಚಿಸಿದಳು.

"ಹಾಗಾದ್ರೆ ಅಮ್ಮಂದು ನಂಗೆ. ಅಪ್ಪಂದು ನೀನಿಟ್ಕೋ."

"ಆಯ್ತು" ಅಂದ ತಮ್ಮ, ಕೆಮ್ಮುತ್ತಾ.

ಅಮ್ಮ ಅಲ್ಲೇ ನೆಲಕ್ಕೆ ಕುಸಿದು ಕೂತು, ಸೆರಗನ್ನು ಬಾಯಿಗೊತ್ತಿಕೊಂಡು ಅಳತೊಡಗಿದಳು. ಅಕ್ಕನಿಗೆ ಮತ್ತೆ ಮೈಯೆಲ್ಲ ಉರಿಯಿತು. ತಮ್ಮನೇ ಒಪ್ಪಿಕೊಂಡು ಕೊಟ್ಟಿದ್ದರೂ, ತನಗೊಂದು ಪಾಲು ಬಂತೆಂದರೆ ಅಮ್ಮನಿಗೆ ಇಷ್ಟೊಂದು ಸಂಕಟ.