ಜಪಾನಿನ ತೋಳಿಗೆ ಮಡಿಲಕ್ಕಿ

ಸೀರೆ ತನ್ನಿ ಅಂತ ಗಂಡಸರಿಗೆ ಹೇಳಿದರೆ ಏನು ತರುತ್ತಾರೋ ಗ್ಯಾರಂಟಿಯಿಲ್ಲ ಬಿಡಿ. ಆದರೆ ತುಮಕೂರಿನ ಕರಿಸಿದ್ದಪ್ಪ ಎಲ್ಲರನ್ನೂ ಮೀರಿಸಿಬಿಟ್ಟ. ವಾಚ್ ಫ್ಯಾಕ್ಟರಿಯವರು ಟ್ರೈನಿಂಗಿಗೆಂದು ಜಪಾನಿಗೆ ಕಳಿಸಿದ್ದರಲ್ಲ, ಬರುವಾಗ ಹೆಂಡತಿ ಸರ್ವಮಂಗಳಳಿಗೆ ರೇಷ್ಮೆ ಸೀರೆ ತರುವ ಬದಲು ನೆಲ ಗುಡಿಸುವಷ್ಟು ಉದ್ದದ, ತೋಳಿಗೆ ಚೀಲ ಜೋತುಬಿದ್ದ ಒಂದು ರೇಷ್ಮೆ ಅಂಗಿ ತಂದ.

“ಇದೇನ್ರೀ ಇದು?”

“ಕಿಮೋನೊ ಕಣೇ.”

ಅಡುಗೆಮನೆಯಲ್ಲಿದ್ದ ಅತ್ತೆಗೆ ಕೇಳಿಸಿದ್ದೇ ಬೇರೆ. “ಕೀಮಾನಾ! ಲಿಂಗ ಕಟ್ಟಿರೋ ಮನೆಗೆ ಕೀಮಾ ತಂದ್ಯೇನ್ಲಾ ಮುಂಡೇದೆ?” ಎಂದು ಪೊರಕೆ ಹಿಡಿದೇ ಬಂದರು. ಇದು ಬಟ್ಟೆ ಎಂದು ಬಿಡಿಸಿ ತೋರಿಸಿದ ಮೇಲೂ ಒಮ್ಮೆ ಮೂಸಿ ನೋಡಿಯೇ ಒಳಗೆ ಹೋದದ್ದು.

ಸರ್ವಮಂಗಳಳಿಗೆ ಅಳುವೇ ಬಂತು. ಗುಬ್ಬಿಯ ತವರಿನಲ್ಲಿ ದೊಡ್ಡಪ್ಪನ ಮಗಳು ಉಮಾಮಹೇಶ್ವರಿಯ ಮುಂದೆ ಜಂಬ ಕೊಚ್ಚಿ ಬಂದಿದ್ದಳು: “ತಂಗಿ ನಿಶ್ಚಿತಾರ್ಥಕ್ಕೆ ಜಪಾನ್ ರೇಷ್ಮೆಲೇ ಬರ್ತೀನಿ. ಇಲ್ದಿದ್ರೆ ಗುಬ್ಬಿಗೆ ಕಾಲೇ ಇಕ್ಕಲ್ಲ.” ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ! ಈಗ ಈ ಅಂಗಿಯಲ್ಲೇ ಹೋಗಬೇಕು, ಇಲ್ಲವೇ ಒಡಹುಟ್ಟಿದವಳ ನಿಶ್ಚಿತಾರ್ಥವನ್ನೇ ಬಿಡಬೇಕು.

ಅಭ್ಯಾಸಕ್ಕೆಂದು ಮನೆಯಲ್ಲಿ ಹಾಕಿಕೊಂಡಳು. ಒಗ್ಗರಣೆಗೆ ಕೈ ಚಾಚಿದರೆ ತೋಳು ಮೊದಲೇ ಹೋಗಿ ಸಾರಿನಲ್ಲಿ ಕುಳಿತಿತ್ತು. ಕುಣಿಗಲ್ಲಿನ ಒಂದು ನಾಮಕರಣಕ್ಕೆ ಸೀರೆಯ ಮೇಲೆ ಕೋಟಿನ ಹಾಗೆ ತೊಟ್ಟು ಹೋದಳು. ಅಲ್ಲಿ ಅಡವಿಯಪ್ಪ ಎಂಬ ಮುದುಕರೊಬ್ಬರು ಕೈಮುಗಿದು, “ನಾಟ್ಕ ಎಷ್ಟೊತ್ಗೆ ತಾಯಿ? ನಿಮ್ದು ರಾಜನ್ ಪಾರ್ಟಾ?” ಎಂದು ಕೇಳಿದರು.

ಕೊನೆಗೆ ದಾರಿ ತೋರಿಸಿದವಳು ಪಕ್ಕದ ಮನೆಯ ಜಮಾಲುನ್ನೀಸಾ. ಬೀದಿಯ ಹೆಂಗಸರೆಲ್ಲ ರವಿಕೆ ಹೊಲಿಸಿಕೊಳ್ಳುವುದು ಅವಳ ಮಿಷನ್ನಿನಲ್ಲೇ. ಹೆಚ್ಚಿನ ಉದ್ದವನ್ನು ಸೊಂಟದಲ್ಲಿ ಎತ್ತಿ ಮಡಚಿ, ಮೇಲೆ ಕರಿಸಿದ್ದಪ್ಪನ ಮದುವೆಯ ಜರಿ ಶಲ್ಯ ಬಿಗಿದಳು. ಅಬ್ಬಾ, ಎಷ್ಟು ಲಕ್ಷಣವಾಗಿ ಕಂಡಿತು! ಅಷ್ಟಕ್ಕೇ ಬಿಡಬಾರದೇ ಪುಣ್ಯಾತ್ಗಿತ್ತಿ? ಇಸ್ತ್ರಿ ಮಾಡಿಕೊಡುತ್ತೇನೆಂದು ಒಯ್ದವಳು, ಎರಡೂ ತೋಳಿನಲ್ಲಿ ಕಂಕುಳಿನಿಂದ ಚೀಲದ ತಳದವರೆಗೆ ಇದ್ದ ಸೀಳಿಗೆ ಡಬಲ್ ಹೊಲಿಗೆ ಹಾಕಿ ಮುಚ್ಚಿ ತಂದಳು.

“ಜಪಾನ್ ಟೈಲರ್ ಹೊಲಿಯೋದೇ ಮರ್ತವ್ನೆ ಮಂಗಳಾ. ನಾನು ಸರಿ ಮಾಡ್ದೆ.”

ಕರಿಸಿದ್ದಪ್ಪ ಹಣೆ ಚಚ್ಚಿಕೊಂಡ. “ಅಯ್ಯೋ, ಅದು ಡಿಸೈನು!”

ಸರ್ವಮಂಗಳಳಿಗೆ ಎಲ್ಲಿತ್ತೋ ಸಿಟ್ಟು. “ಹೇಳ್ದೆ ಕೇಳ್ದೆ ಯಾಕೆ ಕೈ ಹಾಕಿದ್ರಿ ಆಪಾ? ರವಿಕೆ ಹೊಲ್ಕೊಂಡು ತೆಪ್ಪಗಿರಾಕಾಗಲ್ವಾ?”

ಜಮಾಲುನ್ನೀಸಾಳ ಮುಖ ಸಪ್ಪಗಾಯಿತು. ಎದ್ದು ಮನೆಗೆ ಹೋದಳು. ಮರುದಿನ ಬೆಳಿಗ್ಗೆಯೇ ಬಸ್ಸು ಹಿಡಿಯಬೇಕಿದ್ದರಿಂದ ಹೊಲಿಗೆ ಬಿಚ್ಚುವುದಕ್ಕೂ ಪುರುಸೊತ್ತಾಗಲಿಲ್ಲ.

ಗುಬ್ಬಿಯಲ್ಲಿ ಸರ್ವಮಂಗಳ ಗೆದ್ದುಬಿಟ್ಟಳು. ಹೆಂಗಸರು ಮದುಮಗಳನ್ನು ಬಿಟ್ಟು ಇವಳನ್ನೇ ಮುತ್ತಿಕೊಂಡರು. ಗಂಡಿನ ಕಡೆಯವರು “ಜಪಾನೋರೂ ಬಂದವ್ರೆ” ಎಂದು ಪಿಸುಗುಟ್ಟಿ ಎಲೆಯಡಿಕೆಯನ್ನು ಮೊದಲು ಇವಳಿಗೇ ಕೊಟ್ಟರು. ಉಮಾಮಹೇಶ್ವರಿ ರೇಷ್ಮೆಯನ್ನು ಮುಟ್ಟಿ ಮುಟ್ಟಿ ನೋಡಿ ಮುಖ ಹುಳ್ಳಗೆ ಮಾಡಿಕೊಂಡಳು.

ಹೊರಡುವ ಹೊತ್ತಾಯಿತು. ಅವ್ವ ಗಂಗಲಕ್ಷ್ಮಮ್ಮ ಮೊರದ ತುಂಬ ಅಕ್ಕಿ, ತೆಂಗಿನಕಾಯಿ, ಬೆಲ್ಲ, ರವಿಕೆ ಕಣ ಇಟ್ಟುಕೊಂಡು ಬಂದರು. “ಸೆರಗೊಡ್ಡವ್ವಾ, ಮಡ್ಲು ತುಂಬ್ತೀನಿ.”

ಸರ್ವಮಂಗಳ ಭುಜ ಮುಟ್ಟಿ ನೋಡಿಕೊಂಡಳು. ಸೆರಗೆಲ್ಲಿ?

ಉಮಾಮಹೇಶ್ವರಿ ಇದಕ್ಕೇ ಕಾದಿದ್ದವಳಂತೆ ನಕ್ಕಳು. “ಸೆರಗೇ ಇಲ್ದೋಳ ಮಡ್ಲು ಹೆಂಗ್ ತುಂಬ್ತೀಯ ಚಿಕ್ಕಮ್ಮಾ? ಜಪಾನಿಗೇ ಪೋಸ್ಟ್ ಮಾಡು.”

ಹೆಂಗಸರೆಲ್ಲ ಕಿಸಕ್ಕೆಂದರು. ಅವ್ವ ಮಾತ್ರ ನಗಲಿಲ್ಲ. ಮುತ್ತೈದೆ ಮಗಳು ತವರಿಂದ ಬರಿಮಡಿಲಲ್ಲಿ ಹೋಗುವುದೇ? ಅವ್ವ ಮೊರ ಕೆಳಗಿಡಲೂ ಆಗದೆ ಹಿಡಿದೇ ನಿಂತದ್ದನ್ನು ಸರ್ವಮಂಗಳ ನೋಡಿದಳು. ಹಾಳು ಜಂಬ, ಹಾಳು ರೇಷ್ಮೆ! ಆ ಸಂಕಟದಲ್ಲಿ ಏನು ತೋಚಿತೋ, ಬಲಗೈ ಮುಂದೆ ಚಾಚಿ ತೋಳಿನ ಬಾಯಿ ಅಗಲಿಸಿದಳು.

“ಇದ್ಕೇ ಹಾಕವ್ವಾ.”

ಅವ್ವ ಅಕ್ಕಿ ಸುರಿದರು. ಕಾಯಿ ಧಡಕ್ಕನೆ ಇಳಿಯಿತು, ಬೆಲ್ಲ ಇಳಿಯಿತು. ಕಂಕುಳ ಸೀಳಿನಿಂದ ಅಕ್ಕಿಯೆಲ್ಲ ನೆಲಕ್ಕೆ ಬಿತ್ತೆಂದೇ ಸರ್ವಮಂಗಳ ಕಣ್ಣು ಮುಚ್ಚಿಕೊಂಡಳು. ಒಂದು ಕಾಳೂ ಬೀಳಲಿಲ್ಲ. ಆಗ ಅವಳಿಗೆ ಆ ಡಬಲ್ ಹೊಲಿಗೆ ನೆನಪಾಯಿತು.

“ತುಂಬ್ತು ಕಣೇ!” ಎಂದು ಅವ್ವ ಕಣ್ಣೊರೆಸಿಕೊಂಡು ನಕ್ಕರು.

ಬಸ್ಸಿನಲ್ಲಿ ಕಂಡಕ್ಟರು ತೋಳನ್ನು ಹಿಂದೆ ಮುಂದೆ ನೋಡಿ, “ಇದ್ಕೆ ಲಗೇಜ್ ಹಾಕ್ಬೇಕಾಯ್ತದಲ್ಲಮ್ಮಾ” ಎಂದು ಪೇಚಾಡಿದ. “ಮಡ್ಲಕ್ಕಿಗೆ ಲಗೇಜ್ ಹಾಕ್ತೀಯೇನಪ್ಪಾ?” ಎಂದು ಸರ್ವಮಂಗಳ ಗದರಿದ್ದಕ್ಕೆ ಸುಮ್ಮನೆ ಮುಂದೆ ಹೋದ.

ತುಮಕೂರಿನಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ಒಂದು ಪಕ್ಕ ವಾಲಿಕೊಂಡೇ ನೇರವಾಗಿ ಜಮಾಲುನ್ನೀಸಾಳ ಬಾಗಿಲಿಗೆ ಬಂದು ನಿಂತಳು.

“ಸೆರಗೊಡ್ಡಿ ಆಪಾ. ನಿನ್ನೆ ಕೆಟ್ಟ ಮಾತಾಡ್ಬುಟ್ಟೆ. ನಿಮ್ಮ ಹೊಲಿಗೆ ಇಲ್ದಿದ್ರೆ ನಮ್ಮವ್ವ ಇವತ್ತು ಅಳ್ತಾ ಕಳಿಸ್ತಿತ್ತು.”

ಜಮಾಲುನ್ನೀಸಾ ಬಿಗಿದುಕೊಂಡ ಮುಖದಲ್ಲೇ ಸೆರಗೊಡ್ಡಿದಳು. ಸರ್ವಮಂಗಳ ತೋಳು ಬಗ್ಗಿಸಿ ಅರ್ಧ ಅಕ್ಕಿ, ಬೆಲ್ಲದ ಅಚ್ಚು ಸುರಿದಳು. ಜಮಾಲುನ್ನೀಸಾ ಅದನ್ನು ನೋಡಿದಳು, ಜೋತುಬಿದ್ದಿದ್ದ ಇನ್ನೊಂದು ತೋಳನ್ನೂ ನೋಡಿದಳು.

“ಎರಡೂ ಹೊಲ್ದಿದ್ನಲ್ಲ ಮಂಗಳಾ,” ಎಂದಳು. “ಅದ್ಯಾಕೆ ಖಾಲಿ ತಂದೆ?”