ಕತ್ತರಿಯಣ್ಣನಿಗೆ ಜ್ವರ ಬಂದ ಸಂಜೆ

ಮನೆಯ ಮುಂದಿನ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ. ಮಂಚದ ತುದಿಯಲ್ಲಿ ಇಬ್ಬರು, ಕಿಟಕಿಯ ಹತ್ತಿರ ಮೂವರು, ಬಾಗಿಲಿಗೆ ಒರಗಿ ಒಂದಿಬ್ಬರು. ಎಲ್ಲರೂ ಕತ್ತರಿಯಣ್ಣನನ್ನು ನೋಡಲು ಬಂದವರೇ.

ಕತ್ತರಿಯಣ್ಣ ಎಂದರೆ ಆ ಬೀದಿಯ ಕಟಿಂಗ್ ಶಾಪಿನವರು. ಸುತ್ತಮುತ್ತಲ ಮನೆಗಳ ಗಂಡಸರ ತಲೆಗಳೆಲ್ಲ ಅವರ ಕೈಯಲ್ಲಿ ಹಾದುಹೋದವೇ. ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರ್ ಎಂದು ಗೊತ್ತಾಗಿ, ದೊಡ್ಡಾಸ್ಪತ್ರೆಯಲ್ಲಿ ಕೀಮೋ ಶುರುವಾದ ಮೇಲೆ ಶಾಪಿನ ಶಟರ್ ಕೆಳಗಿಳಿಯಿತು. ಶಾಪಿನಲ್ಲಿ ಹರಟುತ್ತಿದ್ದವರೆಲ್ಲ ಈಗ ಮನೆಗೇ ಬರತೊಡಗಿದರು.

"ಇಷ್ಟು ವರ್ಷ ನಾನು ನಿಮ್ಮೆಲ್ಲರ ತಲೆ ಬೋಳಿಸಿದೆ. ಈಗ ಡಾಕ್ಟ್ರು ನನ್ನ ತಲೆ ಬೋಳಿಸಿದ್ರು," ಎಂದು ಕತ್ತರಿಯಣ್ಣ ತನ್ನ ನುಣ್ಣನೆಯ ತಲೆ ಸವರಿಕೊಂಡರು.

ಎಲ್ಲರೂ ನಕ್ಕರು. ನಗುತ್ತಲೇ ಒಬ್ಬರಿಗೆ ಕೆಮ್ಮು ಹತ್ತಿತು. ಬಾಯಿಗೆ ಕೈಯೂ ಅಡ್ಡ ಹಿಡಿಯದೆ ಅವರು ಮಂಚದ ಪಕ್ಕದಲ್ಲೇ ಕೆಮ್ಮಿದರು, ಕೆಮ್ಮುತ್ತಲೇ ಇದ್ದರು.

ಒಳಗಿನಿಂದ ನೋಡುತ್ತಿದ್ದ ಹೆಂಡತಿ ಒಂದು ಹೆಜ್ಜೆ ಮುಂದೆ ಬಂದು ನಿಂತಳು. ಗುಂಪು ಸೇರಿಸಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆದರೆ ಬಂದವರಿಗೆ ಹೋಗಿ ಎನ್ನುವುದು ಹೇಗೆ? ಅವಳು ಅತ್ತಿಗೆಯ ಮುಖ ನೋಡಿದಳು. ಕತ್ತರಿಯಣ್ಣನ ಸ್ವಂತ ಅಕ್ಕ ಅವರು. ತಮ್ಮನನ್ನು ನೋಡಿಕೊಳ್ಳಲೆಂದೇ ತಮ್ಮ ಮನೆ ಬಿಟ್ಟು ಬಂದಿದ್ದರು. ಅಡುಗೆಮನೆಯೂ ಅವರದೇ, ಮಾತೂ ಅವರದೇ.

"ಸುಮ್ನಿರೇ," ಎಂದರು ಅಕ್ಕ ಮೆಲ್ಲಗೆ. "ಜನ ಬರ್ತಾರೆ ಅಂದ್ರೆ ಅದು ಪ್ರೀತಿ."

ಅದೇ ಹೊತ್ತಿಗೆ ನರ್ಸ್ ಬಂದರು. ಕ್ಯಾನ್ಸರ್ ವಾರ್ಡಿನಿಂದ ರೋಗಿಗಳ ಮನೆಗೆ ಬಂದು ನೋಡಿಹೋಗುವ ಸಿಸ್ಟರ್ ಅವರು. ಕೋಣೆಯನ್ನೊಮ್ಮೆ ನೋಡಿದರು. ನೇರ ಒಳಗೆ ಹೋಗಿ ಸೋಪು ಹಾಕಿ ಕೈ ತೊಳೆದರು. ಬೆರಳ ಸಂದಿ, ಉಗುರಿನ ತುದಿ ಬಿಡದೆ ತೊಳೆದರು. ಅವರು ವಾಪಸ್ ಬರುವಷ್ಟರಲ್ಲಿ ಜನ ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು.

"ಅಣ್ಣ, ಇವತ್ತು ಶಾಪು ಇಲ್ಲೇ ತೆಗೆದಿದ್ರಾ?" ಎಂದರು ಸಿಸ್ಟರ್.

ಕತ್ತರಿಯಣ್ಣ ನಕ್ಕರು. ಅಕ್ಕ ನಗಲಿಲ್ಲ.

"ಸಿಸ್ಟರ್, ಬಂದವರನ್ನ ಬಾಗಿಲಲ್ಲೇ ನಿಲ್ಲಿಸಿದ್ರೆ ನಾಳೆ ನಮ್ಮ ಕಡೆ ಯಾರಾದ್ರೂ ತಲೆ ಹಾಕ್ತಾರಾ? ನಾಲ್ಕು ಜನರ ಮುಖ ಕಂಡ್ರೆ ಇವನಿಗೂ ಅರ್ಧ ಕಾಯಿಲೆ ವಾಸಿ."

"ಮುಖ ಕಾಣ್ಲಿ ಅಮ್ಮ, ಬೇಡ ಅನ್ನಲ್ಲ. ಕಿಟಕಿ ಆಚೆ ನಿಂತು ಮಾತಾಡ್ಲಿ. ಒಳಗೆ ಬರೋದಾದ್ರೆ ಒಬ್ಬರೇ ಬರ್ಲಿ, ಕೈ ತೊಳೆದು ಬರ್ಲಿ. ಕೆಮ್ಮು, ನೆಗಡಿ, ಜ್ವರ ಇರೋರು ಮಾತ್ರ ಹೊಸಿಲು ದಾಟಬಾರ್ದು."

"ಅಂದ್ರೆ ಇವನದು ಅಂಟುಕಾಯಿಲೆನಾ?"

"ಅಲ್ಲವೇ ಅಲ್ಲ. ಇವರಿಂದ ನಮಗೆ ಕ್ಯಾನ್ಸರ್ ಬರಲ್ಲ. ನಮ್ಮಿಂದ ಇವರಿಗೆ ರೋಗಾಣು ಬರುತ್ತೆ." ಸಿಸ್ಟರ್ ಕುರ್ಚಿ ಎಳೆದುಕೊಂಡು ಕುಳಿತರು. "ನೋಡಿ ಅಮ್ಮ, ನಮ್ಮ ರಕ್ತದಲ್ಲಿ ಬಿಳಿ ಕಣ ಅಂತ ಇರ್ತಾವೆ. ಮೈಯೊಳಗೆ ರೋಗಾಣು ಹೊಕ್ಕರೆ ಅದನ್ನ ಕೊಲ್ಲೋದು ಅವೇ. ಕೀಮೋ ಔಷಧಿ ಕ್ಯಾನ್ಸರನ್ನ ಹೊಡೆಯುವಾಗ ಈ ಕಣಗಳಿಗೂ ಏಟು ಬೀಳುತ್ತೆ. ಔಷಧಿ ಕೊಟ್ಟು ವಾರ, ಹತ್ತು ದಿನ ಆಗೋ ಹೊತ್ತಿಗೆ ಅವು ತೀರಾ ಕಡಿಮೆ ಆಗಿರ್ತಾವೆ. ನಮಗೆ ಮೂಗು ಸೋರಿ ಹೋಗೋ ನೆಗಡಿ ಇವರ ಜೀವಕ್ಕೇ ಮುಳುವಾಗಬಹುದು."

ಆಮೇಲೆ ಅವರು ಕತ್ತರಿಯಣ್ಣನ ಬಾಯಿ ತೆರೆಸಿ ಹುಣ್ಣಾಗಿದೆಯೇ ಎಂದು ನೋಡಿದರು. ಮೆತ್ತನೆಯ ಬ್ರಷ್ಷಿನಲ್ಲೇ ಹಲ್ಲುಜ್ಜಲು ಹೇಳಿದರು. ಹೆಂಡತಿಯ ಕೈಗೆ ಥರ್ಮಾಮೀಟರ್ ಕೊಟ್ಟರು.

"ಇದು ನೂರು ಪಾಯಿಂಟ್ ನಾಲ್ಕು ಮುಟ್ಟಿದ್ರೆ, ಇಲ್ಲಾ ಚಳಿ ನಡುಕ ಬಂದ್ರೆ, ವಾರ್ಡಿಗೆ ಫೋನ್ ಮಾಡಿ ತಕ್ಷಣ ಹೊರಟುಬಿಡಿ. ಹಗಲೋ ರಾತ್ರಿಯೋ ನೋಡಬೇಡಿ. ನಮ್ಮನ್ನ ಕೇಳದೆ ಜ್ವರದ ಮಾತ್ರೆ ಕೊಡಬೇಡಿ. ಮಾತ್ರೆ ಜ್ವರಾನ ಮುಚ್ಚಿಡುತ್ತೆ, ಒಳಗಿನ ಸೋಂಕು ಬೆಳೀತಾನೇ ಇರುತ್ತೆ."

ಹೊರಡುವಾಗ ಅವರ ಕಣ್ಣು ಕತ್ತರಿಯಣ್ಣನ ಗಲ್ಲದ ಮೇಲೆ ಬಿತ್ತು. ಅಲ್ಲಲ್ಲಿ ಗಡ್ಡ ಚಿಗುರಿತ್ತು.

"ಅಣ್ಣ, ಬ್ಲೇಡ್ ಮುಟ್ಟಬೇಡಿ. ಬೇಕಾದ್ರೆ ಮೆಷಿನ್ನಲ್ಲಿ ಟ್ರಿಮ್ ಮಾಡ್ಕೊಳ್ಳಿ."

"ನನಗೇ ಶೇವಿಂಗ್ ಪಾಠನಾ ಸಿಸ್ಟರ್? ಕಣ್ಣು ಮುಚ್ಚಿ ಮಾಡಿದ್ರೂ ಒಂದು ಹನಿ ರಕ್ತ ಬರಲ್ಲ."

ಸಿಸ್ಟರ್ ಹೋದ ಮೇಲೆ ಅಕ್ಕ ಮುಖ ಊದಿಸಿಕೊಂಡು ಹೇಳಿದರು: "ಇವರು ಹೇಳೋ ಹಾಗೆ ಬದುಕಿದ್ರೆ ಮನುಷ್ಯ ಗಾಜಿನ ಪೆಟ್ಟಿಗೇಲಿ ಇರಬೇಕು."

ಮುಂದಿನ ವಾರ ಒಂದು ಮಧ್ಯಾಹ್ನ. ಹೆಂಡತಿ ಬಿಸ್ಕತ್ ಫ್ಯಾಕ್ಟರಿಗೆ ಹೋಗಿದ್ದಳು, ಅವಳದು ಪ್ಯಾಕಿಂಗ್ ಕೆಲಸ. ಕತ್ತರಿಯಣ್ಣನಿಗೆ ಕನ್ನಡಿಯಲ್ಲಿ ತನ್ನ ಮುಖ ಕಂಡು ಬೇಸರವಾಯಿತು. ಅಲ್ಲೊಂದು ಇಲ್ಲೊಂದು ಕೂದಲಿನ ಆ ಗಡ್ಡ ಯಾವ ಕಟಿಂಗ್ ಶಾಪಿನವನಿಗೂ ಒಪ್ಪುವಂಥದ್ದಲ್ಲ. ಬ್ಲೇಡ್ ತೆಗೆದರು. ಆದರೆ ಔಷಧಿಯಿಂದ ಬೆರಳ ತುದಿಗಳು ಜೋಮು ಹಿಡಿದಿದ್ದವು. ದವಡೆಯ ಕೆಳಗೆ ಸಣ್ಣಗೆ ಕೊಯ್ಯಿತು. ಅಕ್ಕ ನೋಡಿಯಾರೆಂದು ಟವೆಲು ಒತ್ತಿ ಹಿಡಿದು, ಬಂದು ಮಲಗಿದರು.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಊಟದ ಹೊತ್ತಿಗೆ ಅವರಿಗೆ ಚಳಿ ಬಂತು. ಅಕ್ಕ ಹಣೆ ಮುಟ್ಟಿ ನೋಡಿದರು. ಬಿಸಿಯಿತ್ತು.

"ಅವಳಿಗೆ ಫೋನ್ ಮಾಡಬೇಡ ಅಕ್ಕ. ಗಾಬರಿ ಬಿದ್ದು ಕೆಲಸ ಬಿಟ್ಟು ಓಡಿ ಬರ್ತಾಳೆ."

"ನಾನ್ಯಾಕೆ ಮಾಡ್ಲಿ? ಜ್ವರ ಏನು ಲೋಕದಲ್ಲಿ ಯಾರಿಗೂ ಬಾರದ್ದಾ?"

ಅಕ್ಕ ತಮ್ಮ ಚೀಲದಿಂದ ಜ್ವರದ ಮಾತ್ರೆ ತೆಗೆದು ಕೊಟ್ಟರು, ಎರಡು ಕಂಬಳಿ ಹೊದಿಸಿದರು. ಸ್ವಲ್ಪ ಹೊತ್ತಿಗೆ ಬೆವರಿತು, ಮೈ ತಣ್ಣಗಾಯಿತು. "ನೋಡಿದ್ಯಾ?" ಎಂದು ಅಕ್ಕ ನೆಮ್ಮದಿಯಿಂದ ಬಟ್ಟೆ ಮಡಚಲು ಕುಳಿತರು.

ಹೆಂಡತಿ ಸಂಜೆ ಮನೆಗೆ ಬಂದಾಗ ದೀಪ ಹಾಕಿರಲಿಲ್ಲ. ಮಾತಿಲ್ಲದ ಮನೆ ಅವಳಿಗೆ ಹೊಸದು.

"ರೀ, ಏನು ಇಷ್ಟು ಹೊತ್ತಿಗೇ ಮಲಗಿದ್ದೀರಿ?"

"ಏನಿಲ್ಲ. ಸುಸ್ತು." ಮಾತು ತೊದಲಿತು. ಅವರು ಮತ್ತೇನೋ ಹೇಳಲು ಹೋದರು, ಹಲ್ಲು ಕಟಕಟ ಎಂದಿತು. ಕಂಬಳಿಯ ಕೆಳಗೆ ಇಡೀ ಮೈ ನಡುಗುತ್ತಿತ್ತು.

ಅವಳು ಥರ್ಮಾಮೀಟರ್ ಇಟ್ಟಳು. ನೂರಾ ಎರಡು ದಾಟಿತ್ತು. ಅಲ್ಲೇ ನಿಂತು ವಾರ್ಡಿಗೆ ಫೋನ್ ಮಾಡಿದಳು. ಅದೃಷ್ಟಕ್ಕೆ ಅದೇ ಸಿಸ್ಟರ್ ಎತ್ತಿಕೊಂಡರು.

"ಮಾತ್ರೆ ಏನಾದ್ರೂ ಕೊಟ್ಟಿದ್ದೀರಾ?"

"ಇಲ್ಲ ಸಿಸ್ಟರ್."

ಅಕ್ಕ ಗೋಡೆಯ ಕಡೆ ನೋಡಿದರು.

"ಸರಿ, ಈಗಲೇ ಹೊರಡಿ. ಹಳೇ ರಿಪೋರ್ಟ್ ತನ್ನಿ. ಎಮರ್ಜೆನ್ಸಿಗೆ ಬಂದ ಕೂಡಲೇ ಕೀಮೋ ನಡೀತಿದೆ, ಜ್ವರ ಬಂದಿದೆ ಅಂತ ಜೋರಾಗಿ ಹೇಳಿ. ಸಂಕೋಚ ಮಾಡ್ಕೋಬೇಡಿ. ನಾನೂ ಅಲ್ಲಿಗೆ ಹೇಳಿಡ್ತೀನಿ."

ಅವಳು ಚೀಲಕ್ಕೆ ರಿಪೋರ್ಟು ತುರುಕತೊಡಗಿದಳು. ಅಕ್ಕ ಬಾಗಿಲಿಗೆ ಅಡ್ಡ ನಿಂತರು.

"ಈ ಚಳಿ ಗಾಳೀಲಿ ಎಲ್ಲಿಗೆ ಎಳ್ಕೊಂಡು ಹೋಗ್ತೀಯ? ಮಧ್ಯಾಹ್ನ ಇಳಿದ ಜ್ವರ ಈಗಲೂ ಇಳಿಯುತ್ತೆ. ಬೆಳಿಗ್ಗೆ ನೋಡೋಣ."

ಹೆಂಡತಿಯ ಕೈ ನಿಂತಿತು. "ಮಧ್ಯಾಹ್ನ? ಮಧ್ಯಾಹ್ನ ಜ್ವರ ಇತ್ತಾ ಅತ್ತಿಗೆ?"

ಅಕ್ಕ ನಾಲಿಗೆ ಕಚ್ಚಿಕೊಂಡರು.

"ಏನು ಕೊಟ್ರಿ?"

"ಒಂದೇ ಒಂದು ಮಾತ್ರೆ ಕಣೇ. ಇಳೀತು ಕೂಡ…"

ಮದುವೆಯಾದಾಗಿನಿಂದ ಅತ್ತಿಗೆಗೆ ಎದುರಾಡಿದವಳಲ್ಲ ಅವಳು. "ಅತ್ತಿಗೆ, ನಿಮಗೆ ನನ್ನ ಮೇಲೆ ಸಿಟ್ಟು ಬಂದ್ರೆ ಬರ್ಲಿ, ಕಾಲಿಗೆ ಬಿದ್ದು ಕ್ಷಮೆ ಕೇಳ್ಕೊತೀನಿ. ಆದ್ರೆ ಆಮೇಲೆ. ಈಗ ದಾರಿ ಬಿಡಿ. ಇಲ್ಲಾ ಅವರ ಇನ್ನೊಂದು ತೋಳು ಹಿಡ್ಕೊಳ್ಳಿ."

ಅಕ್ಕ ಬಾಗಿಲು ಬಿಟ್ಟು ಸರಿದರು. ಆಮೇಲೆ ಹೋಗಿ ತಮ್ಮನ ತೋಳು ಹಿಡಿದರು.

ಬಾಡಿಗೆ ಕಾರು ಸಿಕ್ಕಿತು. ಪ್ರತಿ ಸಿಗ್ನಲ್ಲಿನಲ್ಲೂ ಕಾರು ನಿಂತಾಗ ಹೆಂಡತಿ ಬೇಗ, ಬೇಗ ಎಂದು ಡ್ರೈವರನ್ನು ಅವಸರಿಸುತ್ತಿದ್ದಳು. ಕತ್ತರಿಯಣ್ಣನ ತಲೆ ಅಕ್ಕನ ಭುಜದ ಮೇಲಿತ್ತು. ನಡುಕ ನಿಂತಿತ್ತು, ಆದರೆ ಕೈ ತಣ್ಣಗಿತ್ತು. "ತಮ್ಮಾ," ಎಂದು ಅಕ್ಕ ಕರೆದರು. ಅವರು ಹೂಂ ಎನ್ನಲೂ ಇಲ್ಲ.

ಎಮರ್ಜೆನ್ಸಿಯ ಮುಂದೆ ಉದ್ದ ಸಾಲು. ಕೈ ಮುರಿದವರು, ವಾಂತಿ ಮಾಡುತ್ತಿರುವವರು, ಅಳುವ ಮಕ್ಕಳು. ಹೆಂಡತಿ ಗಂಡನನ್ನು ಆತುಕೊಂಡು ಬಾಗಿಲವರೆಗೆ ಹೋದಳು. ಬಾಗಿಲಲ್ಲಿದ್ದವನು ತಲೆ ಎತ್ತದೆ ಕೇಳಿದ, "ಏನಾಗಿದೆ?"

"ಜ್ವರ…"

"ಜ್ವರದವರು ಆ ಕಡೆ ಬೆಂಚಲ್ಲಿ ಕೂತ್ಕೊಳ್ಳಿ. ಕರೀತಾರೆ."

ತಮ್ಮನ ಕಾಯಿಲೆಯ ಹೆಸರು ಅಕ್ಕನ ಬಾಯಲ್ಲಿ ಅಲ್ಲಿಯವರೆಗೆ ಬಂದಿರಲಿಲ್ಲ. ಯಾರು ಕೇಳಿದರೂ ಗಂಟಲ ತೊಂದರೆ ಎನ್ನುತ್ತಿದ್ದರು. ಈಗ ಅವರು ಸಾಲನ್ನು ಸೀಳಿಕೊಂಡು ಮುಂದೆ ಬಂದು, ಇಡೀ ಹಜಾರಕ್ಕೆ ಕೇಳುವಂತೆ ಕೂಗಿದರು:

"ಬರೀ ಜ್ವರ ಅಲ್ಲಪ್ಪಾ! ನನ್ನ ತಮ್ಮನಿಗೆ ಕ್ಯಾನ್ಸರ್! ಕೀಮೋ ಕೊಟ್ಟಿದ್ದಾರೆ, ಮೈಯಲ್ಲಿ ಬಿಳಿ ಕಣ ಇಲ್ಲ! ಮಧ್ಯಾಹ್ನದಿಂದ ಜ್ವರ ಇದೆ, ನಾನೇ ಮಾತ್ರೆ ಕೊಟ್ಟು ಮುಚ್ಚಿಟ್ಟೆ! ಬೆಂಚಲ್ಲಿ ಕೂರೋಕಾಗಲ್ಲ, ಒಳಗೆ ತಗೊಳ್ಳಿ!"

ಸಾಲು ತಾನಾಗಿ ಸರಿಯಿತು. ಗಾಲಿಮಂಚ ಬಂತು.

ಒಳಗೆ ಎಲ್ಲ ಬೇಗ ಬೇಗ ನಡೆಯಿತು. ವಾರ್ಡಿನ ಸಿಸ್ಟರ್ ಹೇಳಿಟ್ಟಿದ್ದರಿಂದ ಡಾಕ್ಟರಿಗೆ ವಿಷಯ ಗೊತ್ತಿತ್ತು. ರಕ್ತ ತೆಗೆದರು, ಅದರ ಫಲಿತಾಂಶಕ್ಕೆ ಕಾಯದೆ ಡ್ರಿಪ್ಪಿನಲ್ಲಿ ಆ್ಯಂಟಿಬಯಾಟಿಕ್ ಶುರು ಮಾಡಿದರು. "ಬಿಪಿ ಇಳೀತಿದೆ," ಎಂದು ಯಾರೋ ಅಂದದ್ದು ಪರದೆಯ ಆಚೆ ನಿಂತಿದ್ದ ಇಬ್ಬರು ಹೆಂಗಸರಿಗೂ ಕೇಳಿಸಿತು. ಅಕ್ಕ ಮುದುಡಿಕೊಂಡು ಗೋಡೆಗೆ ಒರಗಿದರು. ಹೆಂಡತಿ ಹೋಗಿ ಅವರ ಪಕ್ಕದಲ್ಲಿ ನಿಂತಳು. ಬೈಯಲು ಅವಳಲ್ಲಿ ಶಕ್ತಿಯಿರಲಿಲ್ಲ, ಸಮಾಧಾನ ಹೇಳಲೂ ಇರಲಿಲ್ಲ. ಕೈ ಹಿಡಿದುಕೊಂಡಳು.

ಬೆಳಿಗ್ಗೆಯ ಹೊತ್ತಿಗೆ ಬಿಪಿ ಇಳಿಯುವುದು ನಿಂತಿತು. ಆದರೂ ಗಂಡಾಂತರ ಕಳೆಯಿತೆಂದು ಡಾಕ್ಟರ್ ಹೇಳಿದ್ದು ಅದರ ಮರುದಿನ. "ಅವತ್ತು ರಾತ್ರಿ, ಬೆಳಿಗ್ಗೆ ಹೋಗೋಣ ಅಂತ ಮನೆಯಲ್ಲೇ ಇದ್ದಿದ್ರೆ ನಾವು ಏನೂ ಮಾಡೋಕಾಗ್ತಿರಲಿಲ್ಲ," ಎಂದರು ಅವರು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಸಿಸ್ಟರ್ ಡ್ರಿಪ್ಪಿನ ಪಟ್ಟಿ ಬದಲಿಸಲು ಬಂದಾಗ ದವಡೆಯ ಕೆಳಗೆ ಕೊಯ್ದ ಗಾಯ ಕಣ್ಣಿಗೆ ಬಿತ್ತು. ಕತ್ತರಿಯಣ್ಣ ಮುಖ ತಿರುಗಿಸಿದರು.

"ಇಷ್ಟು ಚಿಕ್ಕ ಗಾಯ ಸಿಸ್ಟರ್. ಊದಿಲ್ಲ, ಕೀವೂ ಆಗಿಲ್ಲ."

"ಕೀವು ಆಗೋಕೂ ಬಿಳಿ ಕಣ ಬೇಕಣ್ಣ. ಅದಕ್ಕೇ ನಿಮ್ಮ ಮೈಯಲ್ಲಿ ಸೋಂಕಿದ್ರೂ ಹೊರಗೆ ಏನೂ ಕಾಣ್ಸಲ್ಲ. ಜ್ವರ ಒಂದೇ ಸುಳಿವು." ಸಿಸ್ಟರ್ ಹತ್ತಿ ಒತ್ತುತ್ತಾ ಹೇಳಿದರು. "ಇದರಿಂದಲೇ ಬಂತು ಅಂತ ನಾನು ಆಣೆ ಮಾಡಲ್ಲ. ಬಾಯಿ ಹುಣ್ಣಿಂದ ಬಂದಿರಬಹುದು, ಹೊಟ್ಟೆಯಿಂದ ಬಂದಿರಬಹುದು. ಒಂದೊಂದು ಸಲ ಎಲ್ಲಿಂದ ಬಂತು ಅಂತ ಗೊತ್ತೇ ಆಗಲ್ಲ. ನಮ್ಮ ಕೈಲಿ ಇರೋ ಬಾಗಿಲುಗಳನ್ನ ಮುಚ್ಚೋಣ ಅಷ್ಟೆ."

"ನಾನು ಕೊಟ್ಟ ಮಾತ್ರೆ…" ಎಂದರು ಅಕ್ಕ.

"ಅಮ್ಮ, ಅದನ್ನ ನೀವು ಅಲ್ಲೇ ಹೇಳಿದ್ರಿ. ಹೇಳಿದ್ದಕ್ಕೆ ಡಾಕ್ಟ್ರಿಗೆ ಜ್ವರ ಎಷ್ಟು ಹೊತ್ತಿಂದ ಇದೆ ಅಂತ ತಿಳೀತು. ಮುಂದಿನ ಸಲ ಕೊಡಬೇಡಿ."

ಕತ್ತರಿಯಣ್ಣ ಮನೆಗೆ ಬಂದಾಗ ತೂಕ ಇಳಿದಿತ್ತು, ಮುಂದಿನ ಕೀಮೋ ಮುಂದಕ್ಕೆ ಹೋಗಿತ್ತು. ಆದರೆ ಮಾತು ಮರಳಿತ್ತು. ಗಡ್ಡಕ್ಕೆ ಈಗ ಮೆಷಿನ್ನೇ. ಅಕ್ಕ ಹೊರಗಿನ ನಲ್ಲಿಯ ಪಕ್ಕ ಸೋಪಿಟ್ಟು, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಬಂದವರಿಗೆಲ್ಲ ಅವರದು ಒಂದೇ ಪ್ರಶ್ನೆ: "ಕೆಮ್ಮು, ನೆಗಡಿ ಇದ್ಯಾ?" ಇದೆ ಎಂದವರಿಗೆ ಕಿಟಕಿ ತೋರಿಸುತ್ತಿದ್ದರು. ಮುನಿಸಿಕೊಂಡವರೂ ಇದ್ದರು.

"ಮುನಿಸಿಕೊಳ್ಳಲಿ ಬಿಡು," ಎಂದರು ಅಕ್ಕ ತಮ್ಮನ ಹೆಂಡತಿಗೆ. "ಇವನು ಗಟ್ಟಿಯಾದ ಮೇಲೆ ಕಟಿಂಗ್‌ಗೆ ಬರಲೇಬೇಕಲ್ಲ, ಆಗ ರಾಜಿಯಾಗ್ತಾರೆ."

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಮ್ಮಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿರುವವರು ಇದ್ದಾರೆಯೇ? ರೋಗನಿರೋಧಕ ಶಕ್ತಿ ಕುಂದುವ ಕಾಯಿಲೆಯವರು, ಅಂಥ ಔಷಧಿ ತೆಗೆದುಕೊಳ್ಳುವವರು ಇದ್ದಾರೆಯೇ? ಹಾಗಾದರೆ ಅವರ ಹತ್ತಿರ ಹೋಗುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ನಿಮಗೆ ನೆಗಡಿಯಿದ್ದರೆ ದೂರದಿಂದಲೇ ಪ್ರೀತಿ ತೋರಿಸಿ. ಮನೆಯಲ್ಲೊಂದು ಥರ್ಮಾಮೀಟರ್ ಇರಲಿ. ಜ್ವರ ಎಷ್ಟಾದರೆ ಬರಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ನಿಮ್ಮ ಡಾಕ್ಟರ್ ಅಥವಾ ನರ್ಸನ್ನು ಇವತ್ತೇ ಕೇಳಿಕೊಳ್ಳಿ.

ಜ್ವರ ಬಂದ ದಿನ ಮಾತ್ರೆ ಹುಡುಕಬೇಡಿ, ಬೆಳಗಾಗಲಿ ಎನ್ನಬೇಡಿ. ಆಸ್ಪತ್ರೆಯ ಬಾಗಿಲಲ್ಲಿ ಕಾಯಿಲೆಯ ಹೆಸರನ್ನು ನುಂಗಿಕೊಳ್ಳಬೇಡಿ. ನಾಚಿಕೆಯಿಲ್ಲದೆ, ನಾಲ್ಕು ಜನ ತಿರುಗಿ ನೋಡುವಷ್ಟು ಜೋರಾಗಿ ಹೇಳಿ. ದಾರಿ ಬಿಡುತ್ತಾರೆ.