ಮೇನ್ ಸ್ವಿಚ್ಚಿಗೆ ಕಟ್ಟಿದ ಕಂಕಣ

ಪ್ರಮಾಥಿ ಸಂವತ್ಸರದ ಆಶ್ವಯುಜ ಮಾಸ. ಇಸವಿ ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಸೊರಬ ತಾಲ್ಲೂಕಿನ ಉಳವಿಯಲ್ಲಿ ನೂರನಲವತ್ತು ಮನೆಗಳಿಗೆ ಕೇಬಲ್ ಎಳೆದಿದ್ದ ಸಿದ್ಧಲಿಂಗೇಶನಿಗೆ ಪಾಡ್ಯದಂದು ಚಾನೆಲ್ ಕಂಪನಿಯ ಕಾಗದವೊಂದು ಬಂದಿತು. ಹೊಸದಾಗಿ ಕೊಂಡ ಡಿಜಿಟಲ್ ರಿಸೀವರ್ ಪ್ರತಿದಿನ ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಉಪಗ್ರಹದಿಂದ ಹೊಸ ಸಾಫ್ಟ್‌ವೇರನ್ನು ತಾನಾಗಿಯೇ ಇಳಿಸಿಕೊಳ್ಳುವುದು. ಆ ಕ್ರಿಯೆಗೆ ಅಖಂಡವಾಗಿ ನಲವತ್ತು ನಿಮಿಷ ಬೇಕು. ನಡುವೆ ಕ್ಷಣಮಾತ್ರ ವಿದ್ಯುತ್ತು ತಪ್ಪಿದರೂ ಎಲ್ಲವೂ ಮೊದಲಿನಿಂದ ಆರಂಭವಾಗುವುದು. ನವಮಿಯ ಮಧ್ಯಾಹ್ನದೊಳಗೆ ಮುಗಿಯದ ಪೆಟ್ಟಿಗೆಗಳು ಅನಂತರ ಯಾವ ಚಿತ್ರವನ್ನೂ ಹಿಡಿಯಲಾರವು. ಕಾಗದದ ಸಾರ ಇಷ್ಟು.

ಕರೆದ ದೇವತೆಯನ್ನು ಪೂಜಿಸುವ ವಿಧಿಯನ್ನು ನಮ್ಮ ಹಿರಿಯರು ವಿಸ್ತಾರವಾಗಿ ಹೇಳಿದ್ದಾರೆ. ಕರೆಯದೆ ಬಂದು ಒಳಹೊಗುವುದಕ್ಕೆ ಅವರು ಹೇಳಿರುವುದು ಶಾಂತಿಕರ್ಮವನ್ನು ಮಾತ್ರ. ಸಿದ್ಧಲಿಂಗೇಶನ ಒಪ್ಪಿಗೆಯನ್ನು ಆ ಪೆಟ್ಟಿಗೆ ಕೇಳಲಿಲ್ಲ. ಹನ್ನೆರಡು ಹೊಡೆಯುತ್ತಲೇ ಅದರ ಚಿತ್ರ ಅಳಿದು, ಪರದೆಯ ಮೇಲೆ ಒಂದು ಅಂಕಿ ಮೂಡಿ, ನೂರರ ಕಡೆಗೆ ನಿಧಾನವಾಗಿ ಏರತೊಡಗುತ್ತಿತ್ತು.

ಉಳವಿಯ ವಿದ್ಯುತ್ತಾದರೋ ನಲವತ್ತು ನಿಮಿಷ ನಿಂತದ್ದು ಅಪರೂಪ. ಬಿದಿಗೆಯಂದು ಅಂಕಿ ಮೂವತ್ತಕ್ಕೆ ನಿಂತಿತು, ತದಿಗೆಯಂದು ಹನ್ನೊಂದಕ್ಕೆ. ಪಂಚಮಿಯಂದು ಸಿದ್ಧಲಿಂಗೇಶ ತಾಳ್ಮೆಗೆಟ್ಟು ಹಿತ್ತಿಲಿಗೆ ಓಡಿ ಸೀಮೆಎಣ್ಣೆಯ ಜನರೇಟರನ್ನು ಹಚ್ಚಿದನು. ಮನೆಯಲ್ಲೇ ಇದ್ದ ಕಂಟ್ರೋಲ್ ರೂಮಿನ ಹತ್ತಾರು ಯಂತ್ರಗಳ ಪ್ಲಗ್ಗುಗಳನ್ನು ಒಂದೊಂದಾಗಿ ಬದಲಿಸುವ ತೊಂದರೆ ತಪ್ಪಲೆಂದು ಅವನು ಎರಡೂ ತುದಿಗೆ ಪಿನ್ನುಗಳಿರುವ ತಂತಿಯೊಂದನ್ನು ಮಾಡಿಟ್ಟುಕೊಂಡಿದ್ದ. ಅದರ ಒಂದು ತುದಿಯನ್ನು ಜನರೇಟರಿಗೂ ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೂ ಚುಚ್ಚಿದರೆ ಇಡೀ ಮನೆಗೆ ಬೆಳಕು. ಆದರೆ ಮೊದಲು ಜಗಲಿಯ ಮೇನ್ ಸ್ವಿಚ್ಚನ್ನು ಇಳಿಸಬೇಕು. ಇಲ್ಲವಾದರೆ ಆ ವಿದ್ಯುತ್ತು ಮನೆಯಲ್ಲಿ ನಿಲ್ಲದೆ ಬೀದಿಯ ಕಂಬಕ್ಕೆ ಹರಿಯುವುದು. ಆ ದಿನ ಅವನು ಇಳಿಸುವುದನ್ನು ಮರೆತನು.

ಅರ್ಧ ಗಳಿಗೆಯಲ್ಲಿ ಲೈನ್‌ಮ್ಯಾನ್ ಚೌಡೇಶ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು ಜಗಲಿ ಏರಿದನು.

"ಸಿದ್ಲಿಂಗಣ್ಣ, ನನ್ನ ಮೇಲೆ ಹಳೇ ಸಿಟ್ಟೇನಾದ್ರೂ ಇದ್ರೆ ಬಾಯಲ್ಲಿ ಹೇಳ್ರಿ ಮಾರಾಯ್ರೆ. ತಂತಿಯೊಳಗೆ ಕಳಿಸ್ಬೇಡ್ರಿ."

"ಏನಾಯ್ತೋ?"

"ಏನಾಯ್ತು? ಫ್ಯೂಜು ಕಿತ್ತಿಟ್ಟು ಕಂಬ ಹತ್ತೀನಿ. ಟ್ರಾನ್ಸ್‌ಫಾರ್ಮರ್ ಕಡೆಯಿಂದ ಕರೆಂಟಿಲ್ಲ. ನಿಮ್ಮನೆ ಕಡೆಯಿಂದ ಬಂತು ನೋಡ್ರಿ! ಸೊಂಟಕ್ಕೆ ಬೆಲ್ಟಿತ್ತು, ಉಳಿದೆ."

ಸಿದ್ಧಲಿಂಗೇಶನ ಮುಖ ಬಿಳುಪೇರಿತು. "ತಪ್ಪಾಯ್ತು ಕಣೋ. ಆತುರದಲ್ಲಿ ಮರೆತುಬಿಟ್ಟೆ."

"ನೀವು ಮರೆತ್ರೆ ನಿಮ್ಮ ಪೆಟ್ಟಿಗೆಗೆ ಏನೂ ಆಗಲ್ಲ. ಮನೇಲಿ ಹೆಂಡ್ತಿ ಗುಡ್ಡಮ್ಮ ಕಾಯ್ತಿರ್ತಾಳೆ ನನ್ನ."

ಮಜ್ಜಿಗೆ ತಂದುಕೊಟ್ಟ ಗಂಗಾಶ್ರೀ, ಸಿದ್ಧಲಿಂಗೇಶನ ಹೆಂಡತಿ, ಚೌಡೇಶ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯೊಂದರಿಂದಲೇ ಲೋಟ ಎತ್ತಿದ್ದನ್ನು ಕಂಡಳು. ಗಂಡ ಎದೆಯ ಮೇಲಿನ ಇಷ್ಟಲಿಂಗವನ್ನು ಮುಟ್ಟಿಕೊಂಡು, "ಇನ್ನು ಮೇನ್ ಇಳಿಸದೆ ಜನರೇಟರ್ ಹಚ್ಚಿದರೆ ಈ ಲಿಂಗದಾಣೆ," ಎಂದದ್ದನ್ನೂ ಕೇಳಿದಳು. ಚೌಡೇಶ ನಕ್ಕು, ಮೀಸೆಯ ಮಜ್ಜಿಗೆ ಒರೆಸಿಕೊಂಡು, ಸೈಕಲ್ ಏರಿ ಹೋದನು. ಗಂಗಾಶ್ರೀಗೆ ಮಾತ್ರ ಅಂದಿನಿಂದ ಜನರೇಟರಿನ ಸದ್ದು ಕೇಳಿದೊಡನೆ ಕಾಲು ಜಗಲಿಯ ಕಡೆಗೆ ತಾನಾಗಿ ಓಡುತ್ತಿತ್ತು.

ಷಷ್ಠಿಯೂ ವ್ಯರ್ಥವಾಯಿತು. ಸಪ್ತಮಿಯಂದು ಮೊದಲಿನಿಂದಲೂ ಜನರೇಟರನ್ನೇ ನಂಬಿದರೆ ಅದು ಕೆಮ್ಮಿ ಕೆಮ್ಮಿ ನಡುದಾರಿಯಲ್ಲಿ ನಿಂತಿತು. ಅಷ್ಟಮಿಯಂದು ಅಂಕಿ ತೊಂಬತ್ತನಾಲ್ಕನ್ನು ಮುಟ್ಟಿದಾಗ ದೀಪಗಳು ಒಮ್ಮೆ ಕಣ್ಣು ಮಿಟುಕಿಸಿದವು. ಪರದೆಯ ಮೇಲೆ ಮತ್ತೆ ಸೊನ್ನೆ. ಆ ರಾತ್ರಿ ಸಿದ್ಧಲಿಂಗೇಶ ಊಟ ಮಾಡಲಿಲ್ಲ. ಶಿರಾಳಕೊಪ್ಪದ ಇನ್ನೊಬ್ಬ ಕೇಬಲ್‌ನವನು ಉಳವಿಯವರೆಗೆ ತಂತಿ ಎಳೆಯಲು ಕಾಯುತ್ತಿದ್ದಾನೆಂಬುದು ಊರಿಗೆಲ್ಲ ಗೊತ್ತಿದ್ದ ಮಾತು.

ನವಮಿ ಬಂದಿತು, ಆಯುಧಪೂಜೆ. ಸಿದ್ಧಲಿಂಗೇಶನ ತಾಯಿ ಜಗದಾಂಬ ಮಡಿಯುಟ್ಟು ಡಿಶ್ಶಿನಿಂದ ಹಿಡಿದು ಇಕ್ಕಳದವರೆಗೆ ಎಲ್ಲಕ್ಕೂ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವು ಏರಿಸಿದರು. ಮನೆಯ ಬೆಳಕಿಗೆಲ್ಲ ಮೂಲವೆಂದು ಮೇನ್ ಸ್ವಿಚ್ಚಿಗೆ ವಿಶೇಷ ಪೂಜೆ ಮಾಡಿ, ಅದರ ಹಿಡಿಯನ್ನು ಮೇಲ್ಮುಖವಾಗಿಯೇ ಅರಿಸಿನದ ದಾರದಿಂದ ಬಿಗಿದು ಕಂಕಣ ಕಟ್ಟಿದರು. ಪೂಜೆಗೊಂಡ ಆಯುಧವನ್ನು ದಶಮಿಯ ಬೆಳಗಿನ ಮರುಪೂಜೆಯವರೆಗೆ ಮುಟ್ಟಬಾರದು. ಅದು ಆ ಮನೆಯಲ್ಲಿ ಎಂದೂ ತಪ್ಪದ ನಿಯಮ. ಮಗನ ಮಾತಿನಂತೆ ಜನರೇಟರೊಂದಕ್ಕೆ ಮಾತ್ರ ಹೂವಿಟ್ಟಿರಲಿಲ್ಲ.

ಹನ್ನೆರಡಕ್ಕೆ ಅಂಕಿ ಏರತೊಡಗಿತು.

"ಅತ್ತೆ, ಆ ಪೆಟ್ಟಿಗೆಗೂ ಪೂಜೆ ಆಗಿದೆ. ಕೆಲಸ ಮಾಡ್ತಾನೇ ಇದೆಯಲ್ಲ?" ಎಂದಳು ಗಂಗಾಶ್ರೀ.

"ನಾವೇನು ಮುಟ್ಟಿದೀವೇನವ್ವಾ? ತಾನಾಗೇ ಮಾಡ್ಕೊಳ್ತಿದೆ. ಅದರ ಪಾಪ ಅದಕ್ಕೆ."

ಹನ್ನೆರಡು ಹದಿನಾರಕ್ಕೆ ವಿದ್ಯುತ್ತು ಹೋಯಿತು. ಇನ್ನು ನಾಲ್ಕು ನಿಮಿಷದೊಳಗೆ ಮತ್ತೆ ಆರಂಭವಾದರೆ ಒಂದು ಗಂಟೆಯೊಳಗೆ ನಲವತ್ತು ನಿಮಿಷ ಸಿಕ್ಕುತ್ತಿತ್ತು. ಅದು ಮೀರಿದರೆ ಎಂದಿಗೂ ಇಲ್ಲ. ಸಿದ್ಧಲಿಂಗೇಶ ಹಿತ್ತಿಲಿಗೆ ಹಾರಿದನು.

"ರೀ, ಮೇನು!" ಎಂದು ಗಂಗಾಶ್ರೀ ಜಗಲಿಗೆ ಓಡಿದಳು. ಜಗದಾಂಬ ಸ್ವಿಚ್ಚಿಗೆ ಬೆನ್ನಾನಿಸಿ ನಿಂತಿದ್ದರು.

"ಹಬ್ಬದ ದಿನ ಕಂಕಣ ಹರಿದು ಮನೆಯ ದೀಪ ಇಳಿಸ್ತೀಯಾ? ಮುತ್ತೈದೆ ನೀನು!"

"ಕಂಬದ ಮೇಲೆ ಯಾರಾದರೂ ಇದ್ದರೆ, ಅತ್ತೆ?"

"ಇವತ್ತು ಯಾವ ಲೈನ್‌ಮ್ಯಾನು ಕಂಬ ಹತ್ತುತಾನೆ? ಅವನೂ ಇಕ್ಕಳ, ಬೆಲ್ಟು ಎಲ್ಲ ಪೂಜೆಗಿಟ್ಟು, ಹೋಳಿಗೆ ಹೊಡೆದು ಗೊರಕೆ ಹೊಡೀತಿರ್ತಾನೆ. ಕೇಳು ನಿನ್ನ ಗಂಡನ್ನ!"

ಸಿದ್ಧಲಿಂಗೇಶ ಹಿತ್ತಿಲ ಬಾಗಿಲಲ್ಲಿ, ಜನರೇಟರಿನ ಹಗ್ಗ ಕೈಯಲ್ಲಿ ಹಿಡಿದು, ಈ ಮಾತನ್ನೆಲ್ಲ ಕೇಳಿದನು. ಅಂದು ಬೆಳಿಗ್ಗೆ ಅವನು ಯಾರಿಗೂ ತಿಳಿಸದೆ ಚೌಡೇಶನ ಮನೆಗೆ ಹೋಗಿ, ಒಂದು ಗಂಟೆಯವರೆಗೆ ಹೇಗಾದರೂ ಕರೆಂಟು ಕಾಯ್ದುಕೊಡು ಎಂದು ಬೇಡಿಬಂದಿದ್ದನು. "ಇಕ್ಕಳ ಪೂಜೆಗಿಟ್ಟಾಯ್ತಲ್ರಿ... ನೋಡೋಣ, ಹನ್ನೆರಡರ ಮೇಲೆ ಆ ಕಡೆ ಒಂದು ಸುತ್ತು ಬರ್ತೀನಿ," ಎಂದಿದ್ದನು ಚೌಡೇಶ. ಅದೆಲ್ಲವೂ ಸಿದ್ಧಲಿಂಗೇಶನ ನೆನಪಿಗೆ ಸ್ಪಷ್ಟವಾಗಿ ಬಂದಿತು. ಗಡಿಯಾರದಲ್ಲಿ ಹನ್ನೆರಡು ಹದಿನೇಳು. ಅವನು ಬಾಯಿ ತೆರೆಯಲಿಲ್ಲ, ಹಗ್ಗವನ್ನು ಎಳೆದನು.

ಜನರೇಟರ್ ಆ ದಿನ ಕೆಮ್ಮಲಿಲ್ಲ. ದೀಪಗಳು ಹತ್ತಿದವು. ಪರದೆಯ ಮೇಲೆ ಒಂದು, ಎರಡು, ಮೂರು.

ಗಂಗಾಶ್ರೀ ಜಗಲಿಯ ಕಂಬಕ್ಕೆ ಒರಗಿ ನಿಂತಳು. ಅತ್ತೆ ಅಲುಗಲಿಲ್ಲ. ಹೀಗೆ ಹತ್ತು ನಿಮಿಷ ಕಳೆದಿರಬೇಕು. ಆಗ ಪಕ್ಕದ ಮಹೇಶ್ವರಪ್ಪನವರ ಮನೆಯಲ್ಲಿ ಬೆಳಗಿನಿಂದಲೂ ಹಾಡುತ್ತಿದ್ದ ಟೇಪ್ ರೆಕಾರ್ಡರ್ ಸ್ವರದ ನಡುವೆ ಕಡಿದು ನಿಂತಿತು.

ಅದು ಇಷ್ಟು ಹೊತ್ತು ಹಾಡುತ್ತಿತ್ತೆಂಬುದು ಅವಳಿಗೆ ಹೊಳೆದದ್ದೇ ಆಗ. ಹಾಗಾದರೆ ಊರಿನ ಕರೆಂಟು ಹೋಗಿರಲಿಲ್ಲ. ಹೋದದ್ದು ತಮ್ಮ ಮನೆಯದೊಂದೇ. ತಮ್ಮ ಕಂಬದಲ್ಲಿ ತಂತಿ ಸಡಿಲಿದೆ. ಈಗ ಊರಿನದೂ ನಿಂತಿದೆ. ಯಾರೋ ಟ್ರಾನ್ಸ್‌ಫಾರ್ಮರಿನ ಫ್ಯೂಜು ಕಿತ್ತಿದ್ದಾರೆ. ಕಿತ್ತವರು ತಮ್ಮ ಕಂಬಕ್ಕೇ ಬರುತ್ತಿದ್ದಾರೆ.

"ಪಕ್ಕಕ್ಕೆ ಸರೀರಿ ಅತ್ತೆ."

"ಗಂಗಾ, ಹುಚ್ಚು ಹಿಡೀತೇನೇ?"

ಮದುವೆಯಾದ ಏಳು ವರ್ಷಗಳಲ್ಲಿ ಎಂದೂ ಎದುರು ಮಾತನಾಡದವಳು ಅಂದು ಅತ್ತೆಯನ್ನು ತೋಳಿನಿಂದ ತಳ್ಳಿದಳು. ದಾರ ಮೂರೆಳೆಯದು, ಹರಿಯಲಿಲ್ಲ. ಅವಳು ಅದನ್ನು ಹಲ್ಲಿನಿಂದ ಕಚ್ಚಿ ಕಿತ್ತು, ಎರಡೂ ಕೈಯಿಂದ ಹಿಡಿಯನ್ನು ಕೆಳಕ್ಕೆ ಎಳೆದಳು. ಖಟ್ ಎಂದಿತು. ಮನೆಯೊಳಗೆ ದೀಪ ಆರಲಿಲ್ಲ. ಜನರೇಟರಿನ ಸದ್ದು ಬದಲಾಗಲಿಲ್ಲ. ಪರದೆಯ ಅಂಕಿಯೂ ನಿಲ್ಲಲಿಲ್ಲ. ಸ್ವಿಚ್ಚನ್ನು ಇಳಿಸಿದ್ದರಿಂದ ಆ ಮನೆಗೆ ನಷ್ಟವಾದದ್ದು ಒಂದು ದಾರ.

ಅಂಗಳ ದಾಟಿದಾಗ ಚೆಂಡುಹೂವಿನ ಹಾರ ಹಾಕಿದ ಸೈಕಲ್ಲು ಕಂಬಕ್ಕೆ ಒರಗಿತ್ತು. ಮೇಲೆ, ಅವಳ ಮನೆಗೆ ಹೋಗುವ ತಂತಿಯಿಂದ ಒಂದು ಮೊಳ ಕೆಳಗೆ, ಚೌಡೇಶ ಬೆಲ್ಟು ಬಿಗಿದುಕೊಳ್ಳುತ್ತಿದ್ದನು.

"ಏನಕ್ಕಾ, ಹಂಗ್ಯಾಕೆ ನೋಡ್ತೀರಿ? ಜನರೇಟರ್ ಸದ್ದು ಕೇಳ್ತಿದೆ. ಮೇನ್ ಇಳಿಸ್ಯಾರಲ್ಲ?"

"ಇಳಿಸಿದೆ," ಎಂದಳು.

ಅವನು ಇಳಿದು, ಫ್ಯೂಜು ಹಾಕಿ ಬಂದು, ಜಗಲಿಯಲ್ಲಿ ಎಲೆಯ ಮುಂದೆ ಕುಳಿತಾಗ ಒಂದು ಗಂಟೆಗೆ ಐದು ನಿಮಿಷವಿತ್ತು. ಜಗದಾಂಬ ಹೋಳಿಗೆಗೆ ತುಪ್ಪ ಹಾಕುತ್ತಾ, "ಹಬ್ಬದ ದಿನ ಇಕ್ಕಳ ಯಾಕೋ ಮುಟ್ಟಿದೆ, ಮಗಾ?" ಎಂದು ಕೇಳಿದರು.

"ಗುಡ್ಡಮ್ಮನೂ ಬೈದಳು ಅಮ್ಮಾ. ಏನ್ಮಾಡ್ಲಿ? ಬೆಳಿಗ್ಗೆ ಸಿದ್ಲಿಂಗಣ್ಣನೇ ಮನೆತನಕ ಬಂದು ಕರೆದ್ರಲ್ಲ. ಇಲ್ಲ ಅನ್ನೋಕಾಗ್ತದಾ?"

ನೀರಿನ ಚೊಂಬು ಹಿಡಿದಿದ್ದ ಗಂಗಾಶ್ರೀ ಗಂಡನ ಕಡೆಗೆ ತಿರುಗಿದಳು. ಅವನು ಕಂಟ್ರೋಲ್ ರೂಮಿನ ಹೊಸ್ತಿಲಲ್ಲಿ, ಪರದೆಯ ಕಡೆಗೆ ಮುಖ ಮಾಡಿ ನಿಂತಿದ್ದನು. ಅವಳು ಹತ್ತಿರ ಹೋಗಿ, ಚೌಡೇಶನಿಗೆ ಕೇಳಿಸದಂತೆ ಹೇಳಿದಳು:

"ನಿಮಗೆ ಗೊತ್ತಿತ್ತು."

ಅಂಕಿ ನೂರನ್ನು ಮುಟ್ಟಿ ಮಾಯವಾಯಿತು. ಚಿತ್ರ ಬಂದಿತು, ಎಂದೂ ಇರದಷ್ಟು ನಿರ್ಮಲವಾದ ಚಿತ್ರ. ಅದರ ಅಡಿಯಲ್ಲಿ ಒಂದು ಸಾಲು ಮೂಡಿ, ಮುಂದಿನ ಸಾಫ್ಟ್‌ವೇರ್ ಬರುವ ತಿಂಗಳು ತಾನಾಗಿಯೇ ಇಳಿಯುವುದೆಂದು ತಿಳಿಸಿತು. ಸಿದ್ಧಲಿಂಗೇಶ ಅದನ್ನು ಕೊನೆಯವರೆಗೂ ಓದಿದನು.

"ಏನೂ ಆಗ್ಲಿಲ್ಲವಲ್ಲ, ಗಂಗಾ," ಎಂದನು, ಅವಳ ಕಡೆಗೆ ತಿರುಗದೆಯೇ.